ಅವನು ಕುಂಟಲಿಲ್ಲ

ಬಿಜೈಯ ಮಾಲಿನಲ್ಲಿ ರಾತ್ರಿ ಹತ್ತೂ ಕಾಲಿನ ಆಟ.
ಡ್ಯೂಟಿ ಮುಗಿಸಿ ಹಾಗೇ ಬಂದದ್ದು, ಕೈಯಲ್ಲಿನ್ನೂ
ಸ್ಯಾನಿಟೈಸರಿನ ವಾಸನೆ. ಪಕ್ಕದಲ್ಲಿ ಲವೀನಾ,
ಅವಳ ಮಡಿಲಲ್ಲಿ ಮುನ್ನೂರು ರೂಪಾಯಿಯ ಪಾಪ್‌ಕಾರ್ನ್.
ಆ ದುಡ್ಡಿಗೆ ಹಂಪನಕಟ್ಟೆಯಲ್ಲಿ ಇಬ್ಬರಿಗೂ ಗಡ್‌ಬಡ್ ಬರುತ್ತಿತ್ತು.

ಭಾಗ ನಾಲ್ಕು.
ಹೀರೋ ಆರನೇ ಮಾಳಿಗೆಯಿಂದ ಹಾರಿದ,
ಕಾರಿನ ಮೇಲೆ ಬಿದ್ದ, ಕಾರು ಚಪ್ಪಟೆ,
ಅವನು ಎದ್ದು ಅಂಗಿ ಕೊಡವಿದ.
ಕುಂಟಲಿಲ್ಲ.

ನಾನು ಎಕ್ಸ್‌ರೇ ತೆಗೆಯುವವಳು ಮಾರಾಯ್ರೆ,
ಕಂಕನಾಡಿಯಲ್ಲಿ, ಹದಿನೇಳು ವರ್ಷದಿಂದ.
ಫ್ಯಾನು ಒರೆಸಲು ಸ್ಟೂಲು ಹತ್ತಿ ಬಿದ್ದ ಟೀಚರಮ್ಮನ ಹಿಮ್ಮಡಿ
ಚಹಾಕ್ಕೆ ಬಿದ್ದ ಮಾರಿ ಬಿಸ್ಕತ್ತಿನ ಹಾಗೆ
ಕದಡಿಹೋದದ್ದನ್ನು ನೋಡಿದ್ದೇನೆ.
ಬಂದರಿನ ಹಮಾಲಿಯೊಬ್ಬ, ಇನ್ನೊಂದು ಕೈಯಲ್ಲಿ ಮುಖ ಒರೆಸುತ್ತ,
'ಮೂಟೆ ಎತ್ತಬಹುದಾ ಮೇಡಂ?' ಎಂದು ನನ್ನನ್ನೇ ಕೇಳಿದ.
ಡಾಕ್ಟರು ಹೇಳುತ್ತಾರೆ ಎಂದೆ.
ಹಾಗೆನ್ನುವುದೇ ನನ್ನ ಕೆಲಸದ ಅರ್ಧ ಪಾಲು.
ಆ ಮಾತಿಗೆ ಯಾರೂ ಹಿನ್ನೆಲೆ ಸಂಗೀತ ಹಾಕುವುದಿಲ್ಲ.

ಹೊಡೆದಾಟ ಬೇಡವೆಂದಲ್ಲ.
ಒಂದನೇ ಭಾಗದಲ್ಲಿ ಅಡುಗೆಮನೆಯದೊಂದು ಜಗಳ ಇತ್ತು,
ಹೊಡೆದವನೇ ಮುಷ್ಟಿ ಹಿಡಿದುಕೊಂಡು
ಅಯ್ಯಮ್ಮಾ ಎಂದು ನೆಲಕ್ಕೆ ಕೂತ.
ಅದಕ್ಕೆ ಸೀಟಿ ಹೊಡೆದವಳು ನಾನು.
ಎರಡರಲ್ಲಿ ಹೆಲಿಕಾಪ್ಟರು ಬಂತು.
ಮೂರರಲ್ಲಿ ಸತ್ತವನೊಬ್ಬ ಬಂದ, ಸತ್ತೇ ಇರಲಿಲ್ಲವಂತೆ.
ಅಲ್ಲಿಂದ ಪರದೆಯ ಮೇಲೆ ಯಾರು ಸತ್ತರೂ
ನನಗೆ ನಂಬಿಕೆ ಇಲ್ಲ.

ದೆವ್ವಗಳು ಲವೀನಾಳ ಇಲಾಖೆ.
ಬೊಬ್ಬೆ ಹೊಡೆಯಲಿಕ್ಕೆಂದೇ ಟಿಕೆಟು ತೆಗೆಯುತ್ತಾಳೆ,
ಹೋದ ಶುಕ್ರವಾರದ ಉಗುರಿನ ಗುರುತು
ನನ್ನ ಮೊಣಕೈಯಲ್ಲಿ ಇನ್ನೂ ಉಂಟು.
ಅದು ಭಾಗ ಐದು. ಅದೇ ಕಾರಿಡಾರು,
ಅದೇ ಮಿಣುಕುವ ಟ್ಯೂಬ್‌ಲೈಟು.
ನಮ್ಮ ಬೇಸ್‌ಮೆಂಟಿನಲ್ಲೂ ಮಿಣುಕುತ್ತದೆ, ಚೋಕು ಹೋಗಿ.
ರಾತ್ರಿ ಮೂರಕ್ಕೆ ಸ್ಟ್ರೆಚರಿನ ಚಕ್ರ ಕೀಂಯ್ ಎಂದರೆ
ಯಾರೂ ಕಿರುಚುವುದಿಲ್ಲ,
'ಕಾಸರಗೋಡು ಹೈವೇ' ಎನ್ನುತ್ತೇವೆ, ಏಪ್ರನ್ ಹಾಕುತ್ತೇವೆ.

ಐದು ಭಾಗದಿಂದ ಆ ಹೆಂಗಸನ್ನು ಓಡಿಸುತ್ತಲೇ ಇದ್ದಾರೆ.
ಬಾವಿಯಿಂದ ಓಡಿಸಿದರು, ಕನ್ನಡಿಯಿಂದ ಓಡಿಸಿದರು,
ಈಗ ಲೇಡೀಸ್ ಹಾಸ್ಟೆಲಿನಿಂದ.
ಊಟ ಆಯ್ತಾ ಎಂದು
ಒಬ್ಬನಾದರೂ ಕೇಳಿದನಾ?

ನಮ್ಮಲ್ಲಿ ಆಟಿ ತಿಂಗಳಲ್ಲಿ ಕುಲೆಗಳಿಗೆ ಬಡಿಸುವುದುಂಟು.
ಬಾಳೆಲೆ, ಕೋಳಿ ಸಾರು, ರೊಟ್ಟಿ.
ಅಣ್ಣ ಯಶೋಧರನಿಗೆ ಮೇಲಿಂದ ಒಂದು ಕಟ್ಟು ಬೀಡಿ.
ಕೊಟ್ಟಾರದಲ್ಲಿ ಸಾರುವೆ ಕುಸಿದು ಬಿದ್ದವನು.
ನಾಲ್ಕೇ ಮಾಳಿಗೆ.
ಬಾಗಿಲು ಓರೆ ಮಾಡಿ ಹೊರಗೆ ಕೂರುತ್ತೇವೆ.
ಅಮ್ಮ ಮಾತ್ರ ಒಳಗೆ ಕೇಳುವ ಹಾಗೆ
'ಉಪ್ಪು ಕಮ್ಮಿಯಾಗಿದ್ದರೆ ಹೇಳು' ಎನ್ನುತ್ತಾಳೆ.
ಹನ್ನೊಂದು ಆಟಿ ಆಯಿತು.
ಅವನಿಗೆ ಬರಲಿಕ್ಕೆ ಹೊಸ ಕತೆ ಬೇಕಾಗಿಲ್ಲ.

'ಹೀಗೆ ಮೂಳೆ ಲೆಕ್ಕ ಹಾಕುವುದಾದರೆ
ನೀನು ಸಿನೆಮಾಕ್ಕೆ ಯಾಕೆ ಬರುವುದು?'
ಇಂಟರ್ವಲ್ಲಿನಲ್ಲಿ ಲವೀನಾ ಕೇಳಿದಳು.
ಏಸಿ ಉಂಟಲ್ಲ, ಎಂದೆ.

ಸುಳ್ಳು.
ಬಿದ್ದವನು ಎದ್ದು ಅಂಗಿ ಕೊಡವುತ್ತಾನಲ್ಲ,
ಅಷ್ಟಕ್ಕೇ ನಾಲ್ಕು ಸಲ ದುಡ್ಡು ಕೊಟ್ಟಿದ್ದೇನೆ.

ಹೆಸರುಗಳೆಲ್ಲ ಮೇಲೆ ಹತ್ತಿ ಹೋದವು, ಯಾರೂ ಏಳಲಿಲ್ಲ.
ಕೊನೆಗೊಂದು ತುಣುಕು ಉಂಟಂತೆ.
ಗುಡಿಸುವ ಹುಡುಗ ಪೊರಕೆ ಹಿಡಿದು
ಪರದೆಗೆ ಬೆನ್ನು ಹಾಕಿ ಮೆಟ್ಟಿಲ ಬದಿ ನಿಂತಿದ್ದ,
ನಮ್ಮ ಮುಖಗಳನ್ನು ನೋಡುತ್ತ.
'ವಿಲನು ಕಣ್ಣು ಬಿಡ್ತಾನೆ, ಅಷ್ಟೇ' ಎಂದ.
ಬಿಟ್ಟ.

ಕೆಳಗೆ ಇದಿನಬ್ಬನ ರಿಕ್ಷಾ.
ಪಂಪ್‌ವೆಲ್ ದಾಟುವಾಗ ಕನ್ನಡಿಯಲ್ಲಿ ನನ್ನನ್ನೇ ನೋಡಿ
'ಹೇಗುಂಟು ಫಿಲ್ಮು?' ಎಂದ.
ಒಂದು ಸಲ ನೋಡಬಹುದು,
ಎಂದೆ.