ಐದು ಗಂಟಿನ ಹೇಂಟೆ

ಅಮ್ಮನ ಲೆಕ್ಕದ ಪುಸ್ತಕದಲ್ಲಿ ಬಣ್ಣ ಇಲ್ಲ,
ಬರೀ ಪೆನ್ಸಿಲ್ಲು.
ಕ್ಯಾಮಿಯೊ ಎಂದರೆ ಒಂದು ಅಡ್ಡಗೆರೆ, ಪರ್ಪಲ್ ಎಂದರೆ ಸೊನ್ನೆ.
ಮೈಮೇಲೆ ಕಾಣಗೊಡದೆ ಒಳಗೆ ಹೊತ್ತು ತಿರುಗುವವರಿಗೆ
ಅರ್ಧ ತುಂಬಿದ ಚೌಕ.

ಫರ್ಗಸ್ ಫಾಲ್ಸಿನಿಂದ ಹನ್ನೊಂದು ಮೈಲಿ.
ಮಿನ್ನೆಸೋಟದ ಜನವರಿಗೆ ನವಿಲಿನ ಬೆರಳು ಉದುರಿಬಿಡುತ್ತವೆ;
ಪಾದ ಮುಚ್ಚಿ ಕೂರಲೆಂದು
ಗೂಡಿನೊಳಗೆ ಅಗಲ ಹಲಗೆ ಹೊಡೆದಿದ್ದಳು.
ಮೇ ತಿಂಗಳಲ್ಲಿ ಅವು ಕೂಗಿದರೆ
ಯಾರನ್ನೋ ಕೊಲ್ಲುತ್ತಿದ್ದಾರೆಂದು
ಆಚೆಮನೆಯ ಲಿಂಡ್‌ಕ್ವಿಸ್ಟ್ ಮುದುಕಿ ಶೆರೀಫನಿಗೆ ಫೋನು ಮಾಡುತ್ತಿದ್ದಳು,
ಪ್ರತಿ ವರ್ಷ.

ಒಮ್ಮೆ ಕತ್ತಿನ ನೀಲಿ ಗರಿಯೊಂದನ್ನು
ಒರಳಲ್ಲಿ ಹಾಕಿ ಅರೆದು ತೋರಿಸಿದಳು: ಕಂದು ಪುಡಿ.
'ನೀಲಿ ಇದರಲ್ಲಿ ಇರಲೇ ಇಲ್ಲ ನೋಡು,
ಬೆಳಕಿನ ಆಟ ಅಷ್ಟೇ.'
ನನಗೆ ಅರೆಯುವ ಮೊದಲೂ ಆಮೇಲೂ
ಅಂಥ ಆಶ್ಚರ್ಯವೇನೂ ಆಗಲಿಲ್ಲ.

ಎಂಟು ವರ್ಷದವನಿದ್ದಾಗ ಮರಿಗಳ ಕಾಲಿಗೆ ಪಟ್ಟಿ ಕಟ್ಟಿದೆ.
ಹಾಕನ್‌ನ ಮಕ್ಕಳಿಗೆ ಕೆಂಪು, ಉಳಿದವಕ್ಕೆ ಹಸಿರು ಎಂದಿದ್ದಳು.
ಮೂವತ್ತೊಂದು ಮರಿ, ಒಂದನ್ನೂ ಬಿಡದೆ ಕಟ್ಟಿದೆ.
ಸಂಜೆ ಬಂದು ನೋಡಿದವಳು
ದೀಪದ ಪೆಟ್ಟಿಗೆಯ ಪಕ್ಕ ಹಾಗೇ ಕೂತುಬಿಟ್ಟಳು.
ಒಂದು ವರ್ಷದ ವಂಶಾವಳಿ ಕಲಸಿ ಹೋಗಿತ್ತು.
ಬೈಯಲಿಲ್ಲ.
'ನಿನ್ನ ಅಜ್ಜನೂ ಹಾಗೇ, ಟೊರ್ಲೈಫ್,
ಕಾಯಿ ಟೊಮೆಟೊ ಕೊಯ್ದು ಹಣ್ಣೆಂದು ತರುತ್ತಿದ್ದ.'
ಅಂದಿನಿಂದ ಪಟ್ಟಿ ಇಲ್ಲ. ಗೋಣಿದಾರ, ಗಂಟು.
ಎಣಿಸಲು ನನಗೆ ಬರುತ್ತಿತ್ತು.

ಪಾತ್ರೆ ತೊಳೆಯುತ್ತ, ಕಿಟಕಿಯ ಕಡೆ ಮುಖ ಮಾಡಿ,
ಇನ್ನೊಂದು ದಿನ ಹೇಳಿದಳು:
'ನಮ್ಮಲ್ಲಿ ತಾಯಿ ಬಚ್ಚಿಟ್ಟಿದ್ದು ಮಗನಲ್ಲಿ ಕಾಣುತ್ತೆ.
ನವಿಲಲ್ಲಿ, ತಂದೆ ಬಚ್ಚಿಟ್ಟಿದ್ದು ಮಗಳಲ್ಲಿ.'
ಆಮೇಲೆ ತುಂಬಾ ಹೊತ್ತು
ಒಂದೇ ತಟ್ಟೆಯನ್ನು ಉಜ್ಜುತ್ತಿದ್ದಳು.

ಹಾಕನ್ ನೋಡುವವರಿಗೆ ಅಪ್ಪಟ ನೀಲಿ.
ಒಳಗೆ ಒಂದು ವರ್ಣತಂತುವಿನಲ್ಲಿ ಅಪ್ಪ ಕೊಟ್ಟ ಕ್ಯಾಮಿಯೊ,
ಇನ್ನೊಂದರಲ್ಲಿ ಅಮ್ಮ ಕೊಟ್ಟ ಪರ್ಪಲ್.
ಹೆಣ್ಣುಮಕ್ಕಳಲ್ಲಿ ಕೆಲವಕ್ಕೆ ಇದು, ಕೆಲವಕ್ಕೆ ಅದು.
ಎಂದೋ ಒಮ್ಮೆ, ಬೀಜ ಕಟ್ಟುವ ಹೊತ್ತಿಗೆ,
ಎಳೆಗಳೆರಡೂ ತೊಡರಿ, ತುಂಡಾಗಿ, ಅದಲುಬದಲಾಗಿ ಕೂಡಿಕೊಂಡರೆ
ಎರಡೂ ಬಣ್ಣ ಒಂದೇ ಎಳೆಯ ಮೇಲೆ.
ಅದಕ್ಕೆ ಹೆಸರು ಪೀಚ್.
ಅದಕ್ಕಾಗಿ ಒಂಬತ್ತು ಬೇಸಿಗೆ,
ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರದ ಪಕ್ಕ ಕಾವುಪೆಟ್ಟಿಗೆ,
ಇಪ್ಪತ್ತೆಂಟು ಇಪ್ಪತ್ತೆಂಟು ದಿನ,
ಶಾಲೆಗೆ ಹೊರಡುವ ಮುನ್ನ ಮೊಟ್ಟೆ ತಿರುಗಿಸುವವ ನಾನು.

ಜುಲೈ, ಒದ್ದೆ ಮರಿಯೊಂದನ್ನು ಅಂಗೈಯಲ್ಲಿಟ್ಟು
'ಕ್ಯಾಮಿಯೊ' ಎಂದಳು, ಅಡ್ಡಗೆರೆ ಎಳೆಯಹೊರಟಳು.
'ಅಲ್ಲ' ಅಂದೆ.
ನನಗೆ ಬಣ್ಣವೆಂದರೆ ತೂಕ:
ಎಷ್ಟು ಕತ್ತಲು, ಎಷ್ಟು ಬೆಳಕು.
ಇದರ ಮೈಗೆ ಬೇರೆಯವಕ್ಕಿಂತ ಒಂದು ಚಮಚ ಹಾಲು ಹೆಚ್ಚು ಬಿದ್ದಿತ್ತು.
ನಂಬಲಿಲ್ಲ. ಆದರೂ ಐದು ಗಂಟಿನ ದಾರ ಕಟ್ಟಿದಳು,
ಐದು ಅಲ್ಲಿಯವರೆಗೆ ಯಾರಿಗೂ ಕಟ್ಟಿರಲಿಲ್ಲ.

ಮರುವರ್ಷ ಗರಿ ಬದಲಾಯಿಸಿದ ಮೇಲೆ
ಹೇಂಟೆಯನ್ನು ತೋಳಲ್ಲಿ ಅವಚಿಕೊಂಡು ಅಂಗಳಕ್ಕೆ ತಂದಳು.
ಬಿಸಿಲಿಗೆ ಹಿಡಿದಳು. ಅಕ್ಕನನ್ನು ಕೂಗಿದಳು.
ಅಕ್ಕ ಹಕ್ಕಿಯನ್ನು ನೋಡುತ್ತಿದ್ದಳು,
ಅಮ್ಮ ನನ್ನನ್ನು.
'ಹೇಗಿದೆ?' ಎಂದು ಕೇಳಿದಳು.
'ಹಣ್ಣು' ಅಂದೆ.
ಕಾಯಿಯೂ ಇದ್ದಿರಬಹುದು.

ಈಗ ಗೂಡುಗಳು ಖಾಲಿ. ಪುಸ್ತಕ ನನ್ನ ಬಳಿ ಇದೆ.
ಮೊದಲ ಪುಟದಲ್ಲಿ ಹಕ್ಕಿಗಳಿಲ್ಲ:
ಅಜ್ಜ, ತುಂಬಿದ ಚೌಕ. ಆರ್ಲಿಸ್, ಅರ್ಧ.
ನಾನು, ಒತ್ತಿ ಒತ್ತಿ ತುಂಬಿದ್ದು, ಕಾಗದ ಹರಿಯುವಷ್ಟು.
ಅಕ್ಕನ ಹೆಸರಿನ ಮುಂದೆ ಏನೋ ಬರೆದು ಅಳಿಸಿದ ಮಸುಕು.

ಅಕ್ಕ ಮೊನ್ನೆ ಫೋನಿನಲ್ಲಿ ನಗುತ್ತ ಹೇಳಿದಳು,
ಸಣ್ಣವ ಶಾಲೆಯಲ್ಲಿ ಹುಲ್ಲಿಗೆಲ್ಲ
ಕಂದು ಬಣ್ಣ ಬಳಿದಿದ್ದಾನಂತೆ.
ಚಿತ್ರ ಕಳಿಸು ಅಂದೆ.
ಕಳಿಸಿದ್ದಾಳೆ.
ಹುಲ್ಲು ಚೆನ್ನಾಗಿದೆ.