ಮೂರು ಸಲ ಜಗ್ಗಿದ್ದೆ

ಬೆಳಿಗ್ಗೆ ಎಂಟಕ್ಕೆ ಥೆಮೆಲಿಸ್ ಬರುತ್ತಾನೆ.
ಬಂದರಿಗೆ ಮುಖ ಮಾಡಿದ ಕುರ್ಚಿಯಲ್ಲಿ ನನ್ನನ್ನು ಕೂರಿಸಿ
ಕಾಲು ಒಂದೊಂದನ್ನೇ ಎತ್ತಿ
ಬೇರೆ ಯಾರದೋ ಸಾಮಾನಿನಂತೆ ಜೋಪಾನವಾಗಿ
ಮೆಟ್ಟಿಲ ಮೇಲಿಟ್ಟು
ಎರಡು ಕಾಫಿ ಹೇಳುತ್ತಾನೆ. ದುಡ್ಡು ಅವನದೇ.
ಇಪ್ಪತ್ತೇಳು ವರ್ಷದಿಂದ ಅವನದೇ.

ನಮ್ಮ ಕಾಲಿಮ್ನೊಸ್ ದ್ವೀಪದಲ್ಲಿ
ಅವನ ಹೆಸರಿಗೆ ಅಡಿಪಾಯ ಅಂತ ಅರ್ಥ.
ನಗಬೇಡಿ. ನಾನೂ ನಗುವುದಿಲ್ಲ.

ಕಡಲ ತಳದಲ್ಲಿ ಮಾತಿಲ್ಲ.
ತಾಮ್ರದ ಬುರುಡೆಯೊಳಗೆ ನಮ್ಮ ಉಸಿರೇ ನಮಗೆ
ಪಕ್ಕದ ಮನೆಯವನ ಗೊರಕೆ.
ಸೊಂಟಕ್ಕೆ ಬಿಗಿದ ಹಗ್ಗವೊಂದೇ ಬಾಯಿ,
ಮೇಲೆ ಅದರ ತುದಿ ಹಿಡಿದವನೇ ಕಿವಿ.
ಒಂದು ಸಲ ಜಗ್ಗಿದರೆ: ಚೆನ್ನಾಗಿದ್ದೇನೆ.
ಎರಡು: ಚೀಲ ತುಂಬಿತು, ಎತ್ತು.
ಮೂರು: ನನ್ನನ್ನು ಎತ್ತು,
ನಿಧಾನ, ನಿಲ್ಲಿಸಿ ನಿಲ್ಲಿಸಿ,
ನೆತ್ತರೊಳಗಿನ ಗಾಳಿ ಮುನಿಯದ ಹಾಗೆ.

ಹನ್ನೊಂದು ಬೇಸಿಗೆ ಅವನೇ ಹಿಡಿದ.
ಸೆವಸ್ತಿ ನನ್ನ ಮುಖ ಓದಿದ್ದಕ್ಕಿಂತ ಚೆನ್ನಾಗಿ
ಅವನ ಅಂಗೈ ನನ್ನ ಹಗ್ಗ ಓದಿತ್ತು.
ಮದುವೆಯ ದಿನ ಪಾದ್ರಿ ನಮ್ಮಿಬ್ಬರ ಕೈ ಸೇರಿಸುವಾಗ
ಇದನ್ನು ಆಗಲೇ ಇನ್ನೊಬ್ಬನ ಜೊತೆ
ಮಾಡಿಬಿಟ್ಟಿದ್ದೇನಲ್ಲ ಅನ್ನಿಸಿತ್ತು.

ಆಮೇಲೆ ಲಿಬಿಯಾ. ದೆರ್ನಾದ ಆಚೆ.
ಮೂವತ್ತೆಂಟು ಮಾರು ಆಳ.
ಸೀದ ರೊಟ್ಟಿಯಂಥ ಕರಿ ಸ್ಪಂಜು, ಗುಡ್ಡೆ ಗುಡ್ಡೆ.
ಮೂರು ಸಲ ಜಗ್ಗಿದೆ.
ಎಣಿಸಿದೆ. ನೂರು. ಇನ್ನೊಂದು ನೂರು.
ಮೀನೊಂದು ಬಂದು ಗಾಜಿನೊಳಗೆ ಇಣುಕಿ
ಬೇಜಾರಾಗಿ ಹೋಯಿತು.
ಆಮೇಲೆ ಏಕಾಏಕಿ
ಬಾವಿಯಿಂದ ಕೊಡ ಸೇದಿದ ಹಾಗೆ
ಎಲ್ಲೂ ನಿಲ್ಲಿಸದೆ, ಸರ್ರನೆ, ಮೇಲಕ್ಕೆ.

ಹಲಗೆಯ ಮೇಲೆ ಮಲಗಿಸಿ
ಕಾಲು ನೋಡಿಕೋ ಅಂದರು. ನೋಡಿದೆ. ಇದ್ದವು.

ಪಂಪು ತಿರುಗಿಸುವ ಮಿಕೆಸ್ ಹೇಳಿದ: ಸಿಗರೇಟು ಹಚ್ಚುತ್ತಿದ್ದ ಅವನು.
ಅಡುಗೆಯವ ಹೇಳಿದ: ಇಲ್ಲ, ಪಹರೆ ದೋಣಿ ಕಂಡಿತು,
ಎಳೀರೋ ಅಂತ ಕಪ್ತಾನ ಕೂಗಿದ.
ಕಪ್ತಾನ ಏನೂ ಹೇಳಲಿಲ್ಲ, ಸಾಯುವಾಗಲೂ ಹೇಳಲಿಲ್ಲ.
ಥೆಮೆಲಿಸ್, ಕಣ್ಣಲ್ಲಿ ನೀರು ತುಂಬಿಕೊಂಡು:
"ನೀನು ಜಗ್ಗಿದ್ದು ಎರಡೇ ಸಲ."

ಹಗ್ಗ ಕಂಡು ಹಾವೆಂದು ಬೆಚ್ಚಿದವನ ಕತೆ ಎಲ್ಲರಿಗೂ ಗೊತ್ತು.
ದೀಪ ತಂದರೆ ಮುಗಿಯಿತು, ಹಾವಿಲ್ಲ.
ನಾನು ಹಗ್ಗವನ್ನು ಹಗ್ಗವೆಂದೇ ನಂಬಿದವನು.
ನನಗೆ ಯಾವ ದೀಪ ತರುತ್ತೀರಿ?

ಮೊದಲು ಅವನನ್ನು ಶಂಕಿಸಿದೆ. ಅದು ಸುಲಭ.
ಆಮೇಲೆ ಅದು ನೀರಿನ ಪಸೆಯ ಹಾಗೆ ಗೋಡೆ ಹತ್ತಿತು:
ವಸಂತಕ್ಕೆ ನಡೆದಾಡುತ್ತೀ ಎಂದ ಡಾಕ್ಟರು,
ಸಂತ ನಿಕೊಲಾಸನ ಪಟದಡಿ
ನಾವು ನೇತುಹಾಕಿ ಬಂದ ಬೆಳ್ಳಿ ಕಾಲು,
ಒಳಮನೆಯಿಂದ ಸೆವಸ್ತಿ ಕೂಗುವ "ಬಂದೇ, ಬಂದೇ".
ಕೊನೆಗೆ ಉಳಿದದ್ದು ಈ ಬಲಗೈ.
ರಾತ್ರಿ ಹೊದಿಕೆಯ ಅಂಚು ಹಿಡಿದು ಜಗ್ಗಿ ನೋಡುತ್ತೇನೆ.
ಒಂದು. ಎರಡು.
ಮೂರನೆಯದು ಕೈಯಲ್ಲಿ ಆಯಿತೋ, ಮನಸ್ಸಿನಲ್ಲೋ?

ಈಗ ಅವನ ಕಣ್ಣಿಗೆ ಪೊರೆ.
ನಿನ್ನೆ ಕರೆಂಟು ಬಿಲ್ಲು ತಂದು ನನ್ನ ಕೈಗಿಟ್ಟ,
"ಎಷ್ಟು ಅಂತ ನೋಡು."
ಕಾಗದದ ಆಚೆ ತುದಿಯನ್ನು ಬಿಟ್ಟಿರಲಿಲ್ಲ,
ಎರಡೇ ಬೆರಳಲ್ಲಿ, ಹಗುರವಾಗಿ
ಹಿಡಿದೇ ಇದ್ದ.
ನೋಡಿದೆ. ತಡಮಾಡಿದೆ.
ಅವನು ಕಾದ.

ಒಂದು ಅಂಕಿ ಹೇಳಿದೆ.

ಸರಿಯಾ ಎಂದು ಕೇಳಲಿಲ್ಲ ಅವನು.
ಜೇಬಿನಿಂದ ನೋಟು ತೆಗೆದು
ಹೆಬ್ಬೆರಳಿನಿಂದ ಸವರಿ ಸವರಿ ಎಣಿಸಿದ,
ನಡುವೆ ಎಲ್ಲೋ ಲೆಕ್ಕ ತಪ್ಪಿ
ಮತ್ತೆ ಮೊದಲಿನಿಂದ ಶುರುಮಾಡಿದ.