ಏಳು ಬಿದ್ದರೆ

ಹಿದ್ದ್‌ನ ಡ್ರೈಡಾಕಿನಲ್ಲಿ ನಕ್ಷೆ ಬರೆಯುತ್ತಿದ್ದ ಲಿಗೋರಿ ಸೆರಾವೊ,
ನಿನ್ನ ಬಗ್ಗೆ ಎರಡು ಮಾತಾಡಿ ಎಂದರು ಸಂಘದವರು.
ಎದ್ದು ನಿಂತೆ. ಗಂಟಲು ಕಟ್ಟಿತು. ಚಹಾ ಕುಡಿದು ಕೂತೆ.
ಇಲ್ಲಿ ಹೇಳುತ್ತೇನೆ.

ರಿಪೇರಿಗೆ ಬಂದ ಯಾವುದೋ ಹಡಗಿನ ಎಂಜಿನಿಯರ್
ಬಂಕಿನಡಿ ಬಿಟ್ಟುಹೋದ ಪುಸ್ತಕ;
ಎಣ್ಣೆ ಹೀರಿ ಉಳಿದದ್ದು ಎಂಟೇ ಹಾಳೆ.
ಮಿಕ್ಕ ನಿಯಮವೆಲ್ಲ ನಿನ್ನ ತಲೆಯದು.
ದಾಳ ಇರಲಿಲ್ಲ. ವರ್ಕ್‌ಶಾಪಿನ ಹಿತ್ತಾಳೆ ತುಂಡನ್ನು
ಮೂರು ವಾರ ಅರದಲ್ಲಿ ಉಜ್ಜಿ
ಇಪ್ಪತ್ತು ಮುಖ ಮಾಡಿ ತಂದೆ.
'ಇಷ್ಟು ಮುಖ ದೇವರಿಗೂ ಇಲ್ಲವಲ್ಲ ಮಾರಾಯ'
ಎಂದ ವಿಠಲ ಮೆಂಡನ್, ಮೀನು ಹುರಿಯುತ್ತ.

ಗುದೈಬಿಯಾದ ಮೂರನೇ ಮಹಡಿ, ಒಂದು ಕೋಣೆಗೆ ಆರು ಮಂದಿ,
ಗುರುವಾರ ರಾತ್ರಿ.
ಬ್ಲೂಪ್ರಿಂಟಿನ ಬೆನ್ನ ಮೇಲೆ ಗುಹೆ, ಅದರೊಳಗೆ ಗುಹೆ.
ಖರ್ಜೂರದ ಬೀಜ ನಾವು; ಹುರಿಗಡಲೆ ರಾಕ್ಷಸರು,
ಕೊಂದವನಿಗೆ ತಿನ್ನುವ ಹಕ್ಕು.
'ಪಣಕ್ಕೇನು?' ಕೇಳಿದ ಮೊಯ್ದಿನ್ ಕುಂಞಿ.
'ಏನಿಲ್ಲ.'
'ಮತ್ತೆ ಗೆದ್ದವರು ಯಾರು?'
'ಯಾರೂ ಇಲ್ಲ. ಮುಂದಿನ ವಾರ ಬಾ.'

ಹಗಲಿಡೀ ಹಡಗಿನ ಹೊಟ್ಟೆಯ ತುಕ್ಕು ಕೆರೆವ ಮೊಯ್ದಿನ್
ನಮ್ಮಲ್ಲಿ ಮಂತ್ರವಾದಿ.
ಮೆಂಡನ್ ಕಳ್ಳ; ಬೀಗವಿಲ್ಲದ ಬಾಗಿಲಿಗೂ ಕಳ್ಳಕೀಲಿ ಹಾಕುವವ.
ನಾನು, ಸ್ಟೋರಿನ ಗುಮಾಸ್ತ,
ಆರೂವರೆ ಅಡಿಯ ಹೆಣ್ಣು, ಕೊಡಲಿ ಹಿಡಿದವಳು;
ಯಾಕೆಂದು ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪಾಸ್‌ಪೋರ್ಟು ಕಂಪನಿಯ ಕಪಾಟಿನಲ್ಲಿತ್ತು.
ಊರಿನ ಕಾಗದ ಕೇಳುತ್ತಿತ್ತು: ಯಾವಾಗ ಕಳಿಸುತ್ತಿ?
ಫೋರ್‌ಮನ್ ಕೇಳುತ್ತಿದ್ದ: ಯಾಕೆ ಮುಗಿದಿಲ್ಲ?
ನೀನೊಬ್ಬ, ಕನ್ನಡಕ ಹಣೆಗೇರಿಸಿ,
'ಕತ್ತಲು. ಎಡಕ್ಕೆ ನೀರಿನ ಸದ್ದು. ಈಗ ನೀನೇನು ಮಾಡುತ್ತಿ?'
ಎಂದು ಕೇಳಿ
ಕಾಯುತ್ತಿದ್ದೆ.
ಹಾಗೆ ಕಾಯುವವರನ್ನು ಆಮೇಲೆ ನಾನು ಕಂಡಿಲ್ಲ.

ಅರ ಒಂದು ಮೂಲೆಯಲ್ಲಿ ಹೆಚ್ಚು ತಿಂದಿತ್ತು,
ದಾಳ ಏಳಕ್ಕೇ ವಾಲುತ್ತಿತ್ತು.
ತಿದ್ದು ಎಂದರೆ ತಿದ್ದಲಿಲ್ಲ, ನಿಯಮ ಮಾಡಿದೆ:
ಸತ್ತು ಬಿದ್ದವನಿಗೆ ಒಂದು ಗರ.
ಏಳು ಬಿದ್ದರೆ, ಏಳು!
ಎಷ್ಟು ಸಲ ಎದ್ದಿದ್ದೇವೆ ನಾವು ಆ ಚಾಪೆಯಿಂದ,
ಯುದ್ಧದ ವರ್ಷವೂ, ಕಿಟಕಿಗೆ ಟೇಪು ಹಚ್ಚಿ ಕೂತು,
ಸೈರನ್ ಕೂಗಿದರೆ
'ಅದು ಡ್ರ್ಯಾಗನ್, ನಿಮ್ಮ ವಾಸನೆ ಸಿಕ್ಕಿದೆ ಅದಕ್ಕೆ' ಅನ್ನುತ್ತಿದ್ದೆ,
ಕೈ ಮಾತ್ರ ನಡುಗುತ್ತಿತ್ತು.

ಸಲ್ಮಾನಿಯಾ ಆಸ್ಪತ್ರೆಯ ಕಾರಿಡಾರಿನಲ್ಲಿ
ಮೊಯ್ದಿನ್ ಅದನ್ನು ಜೇಬಿನಿಂದ ತೆಗೆದು ನೆಲಕ್ಕೆ ಹಾಕಿದ.
ಹಿತ್ತಾಳೆ ದೂರದವರೆಗೆ ಉರುಳಿತು. ನರ್ಸು ಕಾಲು ಹಿಂದೆಗೆದಳು.
ಏಳು.
ಯಾರೂ ಏನೂ ಅನ್ನಲಿಲ್ಲ.
ಕಾಗದಪತ್ರಕ್ಕೆ ಒಂಬತ್ತು ದಿನ ಹಿಡಿಯಿತು.
ಪೆಟ್ಟಿಗೆಯ ತೂಕ ಬರೆದು ಸಹಿ ಹಾಕಿದವನು ನಾನು,
ಸ್ಟೋರಿನ ಗುಮಾಸ್ತನಲ್ಲವೇ.

ನಮ್ಮನ್ನೊಂದು ಕಬ್ಬಿಣದ ಬಾಗಿಲ ಮುಂದೆ ನಿಲ್ಲಿಸಿ ಹೋದೆ.
ಮೆಂಡನ್ ಊರಿಗೆ ಹೋದ, ಮೊಯ್ದಿನ್ ಮಗನಿರುವ ದೋಹಾಕ್ಕೆ.
ಗುರುವಾರ ಈಗ ಬರೀ ಗುರುವಾರ, ಮರುದಿನ ಶುಕ್ರವಾರ.
ಮಡಚಿ ಮಡಚಿ ನಕ್ಷೆಯ ಮಡಿಕೆ ಹರಿದಿದೆ;
ದೀಪಕ್ಕೆ ಹಿಡಿದರೆ, ಬಾಗಿಲಾಚೆ ನೀನು ಖಾಲಿ ಬಿಟ್ಟ ಕಡೆ
ಹಿಂಬದಿಯ ಹಡಗಿನ ಬಾಯ್ಲರ್ ಕೋಣೆ ನೀಲಿಯಾಗಿ ಮೂಡುತ್ತದೆ.

ಕೊಡಲಿ ಕೆಳಗಿಟ್ಟು ಕಿವಿಯಿಡುತ್ತೇನೆ, ಲಿಗೋರಿ.
ನೀರಿನ ಸದ್ದೋ,
ಕೆಳಮನೆಯವರ ಏಸಿಯೋ.